ಗುಂಡಿನ ಲೆಕ್ಕ, ಭುಜದ ಲೆಕ್ಕ

ತೇಜಸ್ವಿಯವರ ಕೈಯಿಂದ ಕನ್ನಡಕ್ಕೆ ಬಂದ ಕೆನೆತ್ ಆಂಡರ್ಸನ್‌ನ ಕಾಡಿನ ಕತೆಗಳನ್ನು ಓದಿ, ಕೋವಿಯ ಬಗ್ಗೆಯೂ ಒಂದಿಷ್ಟು ಕುತೂಹಲ ಹುಟ್ಟಿಸಿಕೊಂಡವರು ಬಹುಬೇಗ ಕಲಿಯುವ ಅಂಕಿ .405. ಅದು ಆಂಡರ್ಸನ್‌ನ ವಿಂಚೆಸ್ಟರ್ ರೈಫಲ್ಲಿನ ಕ್ಯಾಲಿಬರ್. ಜಿಮ್ ಕಾರ್ಬೆಟ್ ಎಂದರೆ .275 ರಿಗ್ಬಿ. ಯಾವ ಹುಲಿ ಯಾವ ಊರಿನಲ್ಲಿ ಸತ್ತಿತು ಎಂಬುದು ಮರೆತುಹೋದರೂ ಈ ಅಂಕಿಗಳು ಮರೆಯುವುದಿಲ್ಲ. ಆದರೆ ಆ ಕೋವಿಗಳ ಹಿಂಬದಿಯ ಮರ ಎಷ್ಟು ಉದ್ದವಿತ್ತು, ಕೆನ್ನೆಗೆ ಎಲ್ಲಿ ತಾಗುತ್ತಿತ್ತು ಎಂದು ಕೇಳಿದರೆ ಓದುಗರಷ್ಟೇ ಅಲ್ಲ, ಕೋವಿ ಹಿಡಿದವರೂ ತಡವರಿಸುತ್ತಾರೆ. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಕಾರ್ಬೆಟ್‌ಗೆ ಆ ರಿಗ್ಬಿಯನ್ನು ಬಹುಮಾನ ಕೊಟ್ಟ. ಬಹುಮಾನದ ವಿವರ ಕೆತ್ತಿದ ಬೆಳ್ಳಿಯ ತಗಡನ್ನು ಕೂರಿಸಿದ್ದು ಅದೇ ಮರದ ಮೇಲೆ. ಓದುವವರ ಕಣ್ಣು ಮಾತ್ರ ನಳಿಗೆಯ ಅಂಕಿಯ ಮೇಲೆ.

ಬೋಲ್ಟ್ ಆಕ್ಷನ್, ಅಂದರೆ ಕೈಯಿಂದ ಬೋಲ್ಟ್ ಎಳೆದು ತಳ್ಳಿ ತೋಟಾ ತುಂಬುವ ಬೇಟೆ ರೈಫಲ್ ಕೊಳ್ಳುವ ಮಾತು ಬಂದಾಗ ಇಂದಿಗೂ ನಡೆಯುವುದು ಇದೇ. ಅಮೆರಿಕ, ಸ್ವೀಡನ್, ಫಿನ್‌ಲ್ಯಾಂಡ್, ದಕ್ಷಿಣ ಆಫ್ರಿಕಾಗಳಂತೆ ಬೇಟೆ ಕಾನೂನುಬದ್ಧವಾಗಿ, ಪರವಾನಗಿ ಮತ್ತು ಋತುವಿನ ಲೆಕ್ಕದಲ್ಲಿ ನಡೆಯುವ ದೇಶಗಳಲ್ಲಿ ಗಿರಾಕಿಯ ಮೊದಲ ಪ್ರಶ್ನೆ ಕ್ಯಾಲಿಬರ್ ಯಾವುದು ಎಂಬುದು. ಅದಕ್ಕೆ ತಿಂಗಳುಗಟ್ಟಲೆ ಓದು, ಗೆಳೆಯರ ಜೊತೆ ವಾದ. ಭುಜಕ್ಕೆ ಆನಿಸುವ, ಕೆನ್ನೆ ಒತ್ತುವ, ಅಂಗೈ ಹಿಡಿಯುವ ಭಾಗವಾದ ಸ್ಟಾಕ್ ಯಾವುದಿರಬೇಕು ಎಂಬುದು ಕೊನೆಯಲ್ಲಿ, ಬಣ್ಣ ಆರಿಸುವ ಹಾಗೆ, ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಈ ಕ್ರಮವೇ ತಪ್ಪು. ಕ್ಯಾಲಿಬರ್ ಮತ್ತು ಸ್ಟಾಕನ್ನು ಒಟ್ಟಿಗೇ ಆರಿಸಬೇಕು, ಏಕೆಂದರೆ ಒಂದರ ಲೆಕ್ಕ ಇನ್ನೊಂದನ್ನು ಬಿಟ್ಟು ಪೂರ್ತಿಯಾಗುವುದಿಲ್ಲ. ಹಾಗೂ ಒಂದರಲ್ಲಿ ರಾಜಿ ಮಾಡಿಕೊಳ್ಳಲೇಬೇಕು ಎಂದಾದರೆ ಅದು ಕ್ಯಾಲಿಬರಿನಲ್ಲಿ ಆಗಲಿ.

ಮೊದಲು ಅಂಕಿಗಳ ಗೊಂದಲ ಕಳೆಯಬೇಕು. .308 ವಿಂಚೆಸ್ಟರ್ ಮತ್ತು .30-06 ಸ್ಪ್ರಿಂಗ್‌ಫೀಲ್ಡ್ ಎರಡರಲ್ಲೂ ಗುಂಡಿನ ವ್ಯಾಸ ಒಂದೇ, .308 ಇಂಚು. ತೋಟಾದ ಹಿತ್ತಾಳೆ ಕವಚ ಮೊದಲನೆಯದರಲ್ಲಿ 51 ಮಿಲಿಮೀಟರ್, ಎರಡನೆಯದರಲ್ಲಿ 63. ಉದ್ದದ ಕವಚದಲ್ಲಿ ಮದ್ದು ಹೆಚ್ಚು ಹಿಡಿಯುತ್ತದೆ, ವೇಗ ತುಸು ಏರುತ್ತದೆ, ಅಷ್ಟೇ. .270ರ ಗುಂಡು ನಿಜವಾಗಿ .277 ಇಂಚು. ಕಾರ್ಬೆಟ್‌ನ .275 ರಿಗ್ಬಿ ಎಂದರೆ ಜರ್ಮನಿಯ ಮೌಸರ್ ಕಂಪನಿ 1890ರ ದಶಕದ ಆರಂಭದಲ್ಲಿ ಸೈನ್ಯಕ್ಕಾಗಿ ಮಾಡಿದ 7x57 ತೋಟಾವೇ, ಇಂಗ್ಲಿಷರ ಹೆಸರಿನಲ್ಲಿ. ಹೀಗಾಗಿ ಅಂಕಿ ನೋಡಿ ಬಲ ಅಳೆಯಲು ಹೊರಟವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಗುಂಡಿನ ತೂಕ, ಹೊರಡುವ ವೇಗ, ಗುಂಡು ಯಾವ ಲೋಹದಿಂದ ಹೇಗೆ ಕಟ್ಟಿದ್ದು ಎಂಬ ಮೂರನ್ನು ಕೇಳಿದರೆ ಹೆಸರಿನ ಅಗತ್ಯವೇ ಬೀಳುವುದಿಲ್ಲ.

ಇನ್ನು, ಕ್ಯಾಲಿಬರಿನ ಆಯ್ಕೆ ಯಾವ ಕಾಲದಲ್ಲೂ ಬರೀ ಗುಂಡಿನ ವಿಜ್ಞಾನದಿಂದ ಆದದ್ದಲ್ಲ. ಭಾರತವೇ ಇದಕ್ಕೆ ಒಳ್ಳೆಯ ಸಾಕ್ಷಿ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತ ಮತ್ತು ಸುಡಾನ್‌ಗೆ .450 ಬೋರಿನ ತೋಟಾ ತರುವುದನ್ನು ನಿಷೇಧಿಸಿತು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಕೋವಿಗಳೂ .450 ಬೋರಿನವೇ. ಬೇಟೆಯ ತೋಟಾದಿಂದ ಗುಂಡು ಕಿತ್ತು ಬಂಡುಕೋರರು ಆ ಕೋವಿಗಳಿಗೆ ತುಂಬಿಯಾರು ಎಂಬ ಭಯ ಸರ್ಕಾರಕ್ಕೆ. ಆನೆ, ಕಾಟಿಗಳ ಬೇಟೆಗೆ .450 ಹಿಡಿಯುತ್ತಿದ್ದ ಶ್ರೀಮಂತ ಶಿಕಾರಿಗಳು ಕೈಕಟ್ಟಿ ಕೂರಲಿಲ್ಲ. ಲಂಡನ್ನಿನ ಕೋವಿ ಕಂಪನಿಗಳು ಒಂದರ ಹಿಂದೊಂದು .465, .470, .475 ಎಂದು ಹೊಸ ತೋಟಾಗಳನ್ನು ಹುಟ್ಟಿಸಿದವು. ಇವತ್ತು ಆಫ್ರಿಕಾದ ಬೇಟೆ ಸಾಹಿತ್ಯ ಆರಾಧಿಸುವ .470 ನೈಟ್ರೊ ಎಕ್ಸ್‌ಪ್ರೆಸ್ ಹುಟ್ಟಿದ್ದರ ಹಿಂದೆ ಇರುವುದು ಭಾರತದ ಒಂದು ಸರ್ಕಾರಿ ಆದೇಶ! ಸ್ವಾತಂತ್ರ್ಯಾನಂತರವೂ ಈ ಚಾಳಿ ಉಳಿಯಿತು. ಸೈನ್ಯದ .303 ನಾಗರಿಕರಿಗೆ ನಿಷಿದ್ಧ ಬೋರ್. ಹಾಗಾಗಿ ಇಶಾಪುರದ ರೈಫಲ್ ಕಾರ್ಖಾನೆ ಅದೇ ಲೀ-ಎನ್‌ಫೀಲ್ಡ್ ಯಂತ್ರಕ್ಕೆ ಹಳೆಯ ಆಸ್ಟ್ರಿಯನ್ ಮನ್ಲಿಕರ್ ತೋಟಾ ಹೊಂದಿಸಿ .315 ಎಂಬ ಬೋಲ್ಟ್ ಆಕ್ಷನ್ ರೈಫಲ್ ಮಾಡಿ ಪರವಾನಗಿ ಉಳ್ಳವರಿಗೆ ಮಾರಿತು. ಉತ್ತಮ ಎಂದು ಯಾರೂ ಆರಿಸಿದ ಕ್ಯಾಲಿಬರ್ ಇದಲ್ಲ, ಕಾನೂನು ಬಿಟ್ಟುಕೊಟ್ಟದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ರೈಫಲ್ಲುಗಳು ಬೇಟೆಗಿಂತ ಕಾವಲುಗಾರರ ಹೆಗಲ ಮೇಲೆ ಕಾಣಿಸಿದ್ದೇ ಹೆಚ್ಚು.

ಕಾನೂನು ಸರಿಯಾದ ಪ್ರಶ್ನೆ ಕೇಳಿದ ಉದಾಹರಣೆಗೆ ಸ್ವೀಡನ್ನಿನ ಕಡೆ ನೋಡಬೇಕು. ಅಲ್ಲಿ ಪ್ರತಿ ಶರತ್ಕಾಲ ಮೂಸ್ ಬೇಟೆ ಒಂದು ದೊಡ್ಡ ಸಾಮಾಜಿಕ ಘಟನೆ. ಮೂಸ್ ಜಿಂಕೆಯ ಜಾತಿಯಲ್ಲೇ ಅತಿ ದೊಡ್ಡದು. ಬಲಿತ ಗಂಡು ನಮ್ಮ ಕಡವೆಗಿಂತ ಬಹಳ ಭಾರ. ಇಂಥ ಪ್ರಾಣಿಗೆ ಅಲ್ಲಿನ ನಿಯಮ ಕ್ಯಾಲಿಬರಿನ ಹೆಸರು ಹೇಳದೆ ಬೇರೆ ರೀತಿ ಲೆಕ್ಕ ಹಾಕುತ್ತ ಬಂದಿದೆ: ಗುಂಡು ಕನಿಷ್ಠ 9 ಗ್ರಾಂ ಇದ್ದರೆ 100 ಮೀಟರಿನಲ್ಲಿ 2700 ಜೂಲ್ ಶಕ್ತಿ ಉಳಿದಿರಬೇಕು, 10 ಗ್ರಾಂ ಅಥವಾ ಹೆಚ್ಚಿದ್ದರೆ 2000 ಜೂಲ್ ಸಾಕು. ಎರಡನೆಯ ಷರತ್ತಿನ ಹಿಂದೆ ಒಂದು ಹಳೆಯ ನಂಬಿಗಸ್ತ ತೋಟಾ ನಿಂತಿದೆ. 1894ರಲ್ಲಿ ಸ್ವೀಡನ್ ಮತ್ತು ನಾರ್ವೆಗಳ ಸೈನ್ಯಕ್ಕೆ ಬಂದ 6.5x55 ಬೆರಳಿಗಿಂತ ಸಣ್ಣ, ಉದ್ದನೆಯ, 10.1 ಗ್ರಾಂ ಗುಂಡನ್ನು ನಿಧಾನವಾಗಿಯೇ ಹಾರಿಸುತ್ತದೆ. ಹೆಚ್ಚು ಮದ್ದು ತುಂಬಿದ ಮ್ಯಾಗ್ನಮ್ ತೋಟಾಗಳನ್ನು ಮೆಚ್ಚುವ ಅಮೆರಿಕದವರು ಇದನ್ನು ಹುಡುಗರ ತೋಟಾ ಎನ್ನಬಹುದು. ಆದರೆ ತಲೆಮಾರುಗಳಿಂದ ಸ್ವೀಡನ್ನಿನ ರೈತರು, ಶಾಲಾ ಮಾಸ್ತರರು, ಅಂಚೆಯವರು ಇದರಲ್ಲೇ ಮೂಸ್ ಹೊಡೆದು ಚಳಿಗಾಲದ ಮಾಂಸ ಕೂಡಿಟ್ಟಿದ್ದಾರೆ. ಸಣ್ಣ ವ್ಯಾಸದ ಭಾರದ ಗುಂಡು ಆಳಕ್ಕೆ ಹೋಗುತ್ತದೆ. ಮೆಲ್ಲಗೆ ಒದೆಯುವ ಕೋವಿಯನ್ನು ಜನ ಹೆಚ್ಚು ಅಭ್ಯಾಸ ಮಾಡುತ್ತಾರೆ. ಎರಡನೆಯ ಕಾರಣವೇ ದೊಡ್ಡದು. ಅಲ್ಲಿನ ಬೇಟೆಗಾರ 80 ಮೀಟರ್ ದೂರದಲ್ಲಿ ಹಳಿಯ ಮೇಲೆ ಓಡುವ ಮೂಸ್ ಆಕೃತಿಗೆ ಗುರಿಯಿಟ್ಟು ತಾಲೀಮು ಮಾಡುವುದು ವಾಡಿಕೆ.

ಅಮೆರಿಕದಿಂದಲೂ ಒಂದು ಲೆಕ್ಕ ಸಿಗುತ್ತದೆ. ದಕ್ಷಿಣ ಕೆರೊಲಿನಾದ ಒಂದು ಬೇಟೆ ಕ್ಲಬ್ಬಿನಲ್ಲಿ ಹೊಡೆದ 493 ಬಿಳಿಬಾಲದ ಜಿಂಕೆಗಳ ದಾಖಲೆಯನ್ನು ಆ ರಾಜ್ಯದ ವನ್ಯಜೀವಿ ತಜ್ಞರು ಪರಿಶೀಲಿಸಿದ್ದಾರೆ. 6 ಮಿಲಿಮೀಟರಿನಿಂದ .30ರವರೆಗೆ ಐದು ಗುಂಪಿನ ಕ್ಯಾಲಿಬರುಗಳು. ಗುಂಡು ತಿಂದ ಜಿಂಕೆ ಎಷ್ಟು ದೂರ ಓಡಿ ಬಿತ್ತು ಎಂಬುದರಲ್ಲಿ ಈ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಗುಂಡು ಎಲ್ಲಿ ಬಿತ್ತು ಎಂಬುದರಲ್ಲಿ. ಬೇಗ ಅರಳುವ ಮೆದು ಗುಂಡೋ ಗಟ್ಟಿ ಗುಂಡೋ ಎಂಬುದರಲ್ಲಿ. ವರ್ಷಗಟ್ಟಲೆ ನಡೆದ ಕ್ಯಾಲಿಬರ್ ಜಗಳದ ಬಹುಪಾಲನ್ನು ಈ ಒಂದು ಕಡತ ಮುಚ್ಚಿಹಾಕಬೇಕಿತ್ತು. ಮುಚ್ಚಲಿಲ್ಲ.

ಆ ಜಗಳಕ್ಕೆ ಇಬ್ಬರು ದೊಡ್ಡ ಮಲ್ಲರು. ‘ಔಟ್‌ಡೋರ್ ಲೈಫ್’ ಪತ್ರಿಕೆಯಲ್ಲಿ ದಶಕಗಳ ಕಾಲ ಬರೆದ ಜ್ಯಾಕ್ ಓಕಾನರ್ ಒಬ್ಬ. ಭಾಷಾ ಅಧ್ಯಾಪಕನಾಗಿದ್ದವನು, ಕಡೆದ ಹಾಗೆ ವಾಕ್ಯ ಬರೆಯುತ್ತಿದ್ದ. ವಿಂಚೆಸ್ಟರ್ ಕಂಪನಿ 1925ರಲ್ಲಿ ತಂದ .270 ಅವನ ಮೆಚ್ಚಿನದು: 130 ಗ್ರೇನ್, ಅಂದರೆ 8.4 ಗ್ರಾಮಿನ ಗುಂಡು, ಸೆಕೆಂಡಿಗೆ 930 ಮೀಟರಿನ ಆಸುಪಾಸಿನ ವೇಗ. ಬೆಟ್ಟದ ಕಾಡುಕುರಿಯಿಂದ ಹಿಡಿದು ಮೂಸ್‌ವರೆಗೆ ಅದು ಸಾಕು ಎಂಬುದು ಅವನ ನಿಲುವು. ಎದುರಿಗೆ ಐಡಹೊ ರಾಜ್ಯದ ದನಗಾಹಿ, ದೊಡ್ಡ ಟೋಪಿಯ ಎಲ್ಮರ್ ಕೀತ್. ಅವನ ಪ್ರಕಾರ .33 ಇಂಚಿಗಿಂತ ಸಣ್ಣದು, 250 ಗ್ರೇನಿಗಿಂತ ಹಗುರದ್ದು ದೊಡ್ಡ ಪ್ರಾಣಿಗೆ ಅನ್ಯಾಯ. ಬೆನ್ನು ತಿರುಗಿಸಿ ಓಡುವ ಎಲ್ಕ್ ಎಂಬ ದೊಡ್ಡ ಜಿಂಕೆಗೆ ಗುಂಡು ಹೊಡೆಯಬೇಕಾದಾಗ ಉದ್ದಕ್ಕೂ ಒಳಗೆ ಹೋಗಬೇಕು ಎಂಬುದು ಅವನ ವಾದ. ಇದರಲ್ಲಿ ಹುರುಳಿಲ್ಲದೆ ಇಲ್ಲ, ಆದರೆ ಬೆನ್ನು ತಿರುಗಿಸಿ ಓಡುವ ಪ್ರಾಣಿಗೆ ಹೊಡೆಯಲೇಬಾರದು ಎಂದು ಹೇಳಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು.

ಈ ಇಬ್ಬರ ಜಗಳ ಓದಿದವರು ಗಮನಿಸದ ಒಂದು ಸಂಗತಿ ಇದೆ. ಓಕಾನರ್‌ನ ಹೆಸರಾಂತ .270 ರೈಫಲ್ ಕಾರ್ಖಾನೆಯಿಂದ ಬಂದ ವಿಂಚೆಸ್ಟರ್ ಮಾಡೆಲ್ 70. ಆ ನಳಿಗೆ, ಆ ಬೋಲ್ಟ್ ಯಾರಿಗೆ ಬೇಕಾದರೂ ಅಂಗಡಿಯಲ್ಲಿ ಸಿಗುತ್ತಿತ್ತು. ಅದರ ಸ್ಟಾಕ್ ಮಾತ್ರ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ ಆಲ್ ಬೀಸನ್ ಎಂಬ ಕುಶಲಕರ್ಮಿ ಅಕ್ರೋಟ್ ಮರದಲ್ಲಿ ಅವನಿಗಾಗಿಯೇ ಕೆತ್ತಿದ್ದು. ಕ್ಯಾಲಿಬರಿನ ಬಗ್ಗೆ ಅಷ್ಟು ಶಾಯಿ ಖರ್ಚು ಮಾಡಿದವನು ದುಡ್ಡು ಖರ್ಚು ಮಾಡಿದ್ದು ಮರದ ಮೇಲೆ. ಅಭಿಮಾನಿಗಳು ಶಾಯಿಯನ್ನು ನೋಡಿ .270 ಕೊಂಡರು.

ಅವನ ಹೆಂಡತಿ ಎಲಿನರ್ ಓಕಾನರ್‌ಳ ಉದಾಹರಣೆ ಇನ್ನೂ ಚೆನ್ನ. ಆಕೆ ಸಣ್ಣ ಆಳು. ಹಿಡಿದದ್ದು 7x57 ಮೌಸರ್, ಅಂದರೆ ಕಾರ್ಬೆಟ್‌ನ ತೋಟಾವೇ. ಉತ್ತರ ಅಮೆರಿಕದ ಬೆಟ್ಟಗಳಲ್ಲೂ ಆಫ್ರಿಕಾದ ಬಯಲಿನಲ್ಲೂ ಆಕೆಯ ಬೇಟೆಯ ಪಟ್ಟಿ ಉದ್ದವಾಗಿದೆ. ಒಂದು ಪ್ರಾಣಿಗೆ ಒಂದು ಗುಂಡು ಎಂಬ ಹೆಸರು ಆಕೆಗೆ ಬಂದಿತ್ತು. ಮೃದುವಾಗಿ ಒದೆಯುವ ತೋಟಾ, ಮೈಗೆ ಹೊಂದುವ ಕೋವಿ, ಗುರಿ ಸಿಗದಿದ್ದರೆ ಟ್ರಿಗರ್ ಮುಟ್ಟದ ತಾಳ್ಮೆ, ಇಷ್ಟೇ ಅದರ ಗುಟ್ಟು. ಆನೆಗೆ ಆಕೆ .30-06 ತೆಗೆದುಕೊಂಡಳು.

ಒದೆತದ ಲೆಕ್ಕ ಕಷ್ಟದ್ದೇನಲ್ಲ, ಹೈಸ್ಕೂಲಿನ ಭೌತಶಾಸ್ತ್ರ ಸಾಕು. .30-06ರಲ್ಲಿ 180 ಗ್ರೇನ್, ಅಂದರೆ 11.7 ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. ಜೊತೆಗೆ ಮೂರೂವರೆ ಗ್ರಾಮಿನಷ್ಟು ಮದ್ದು ಅನಿಲವಾಗಿ ಇನ್ನೂ ಜೋರಾಗಿ ಹೊರಬೀಳುತ್ತದೆ. ಇವೆರಡರ ಸಂವೇಗ ಕೂಡಿದರೆ ದೂರ್ಬೀನು ಸಮೇತ 3.6 ಕೆ.ಜಿ. ತೂಗುವ ರೈಫಲ್ ಸೆಕೆಂಡಿಗೆ 4 ಮೀಟರಿಗೆ ಹತ್ತಿರದ ವೇಗದಲ್ಲಿ ಭುಜಕ್ಕೆ ಬಂದು ಬಡಿಯುತ್ತದೆ; ಶಕ್ತಿಯ ಲೆಕ್ಕದಲ್ಲಿ ಸುಮಾರು 27 ಜೂಲ್. ಈಗ ಅದೇ ಗಿರಾಕಿ ಬೆಟ್ಟ ಹತ್ತಲು ಹಗುರವಿರಲಿ ಎಂದು ಕಾರ್ಬನ್ ಫೈಬರ್ ಸ್ಟಾಕ್, ಸಪೂರ ನಳಿಗೆ, ಚಿಕ್ಕ ದೂರ್ಬೀನು ಹಾಕಿಸಿ ತೂಕವನ್ನು 2.7 ಕೆ.ಜಿ.ಗೆ ಇಳಿಸುತ್ತಾನೆ ಎನ್ನೋಣ. ಸಂವೇಗ ಅಷ್ಟೇ, ಹೊರುವ ತೂಕ ಕಡಿಮೆ. ವೇಗ ಸೆಕೆಂಡಿಗೆ 5 ಮೀಟರ್ ದಾಟುತ್ತದೆ, ಶಕ್ತಿ 36 ಜೂಲಿಗೆ ಜಿಗಿಯುತ್ತದೆ. ಮಾಮೂಲು ತೂಕದ .300 ವಿಂಚೆಸ್ಟರ್ ಮ್ಯಾಗ್ನಮ್ ಒದೆಯುವುದೂ ಹೆಚ್ಚುಕಡಿಮೆ ಇಷ್ಟನ್ನೇ. ತೋಟಾ ಬದಲಿಸದೆ, ಜಿಂಕೆಗೆ ಒಂದು ಜೂಲ್ ಹೆಚ್ಚು ಮುಟ್ಟಿಸದೆ, ಬೇಟೆಗಾರ ತನ್ನ ಭುಜಕ್ಕೆ ಮ್ಯಾಗ್ನಮ್ ಕೊಂಡಂತಾಯಿತು! ಕ್ಯಾಲಿಬರನ್ನು ಸ್ಟಾಕಿನಿಂದ ಬಿಡಿಸಿ ಮಾತಾಡಲು ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಲೆಕ್ಕ ಬೇಡ.

ಒದೆತ ನೋವಷ್ಟೇ ಆಗಿದ್ದರೆ ಗಂಡಸುತನದ ಹೆಸರಿನಲ್ಲಿ ಸಹಿಸಬಹುದಿತ್ತು. ತೊಂದರೆ ಇರುವುದು ಮೈ ಅದನ್ನು ನೆನಪಿಟ್ಟುಕೊಳ್ಳುವುದರಲ್ಲಿ. ಗುರಿ ಕಲಿಸುವವರು ಇದನ್ನು ತೋರಿಸಿಕೊಡಲು ಒಂದು ಸುಲಭದ ಉಪಾಯ ಮಾಡುತ್ತಾರೆ. ಕಲಿಯುವವನಿಗೆ ಕಾಣದ ಹಾಗೆ ಮ್ಯಾಗಜಿನ್ನಿನಲ್ಲಿ ನಿಜವಾದ ತೋಟಾಗಳ ನಡುವೆ ಒಂದು ಹುಸಿ ತೋಟಾ ಸೇರಿಸುತ್ತಾರೆ. ಮೊದಲೆರಡು ಈಡು ಢಂ ಎನ್ನುತ್ತವೆ. ಮೂರನೆಯದಕ್ಕೆ ಬೋಲ್ಟ್ ಎಳೆದು ತಳ್ಳಿ, ಉಸಿರು ಹಿಡಿದು, ಟ್ರಿಗರ್ ಒತ್ತಿದರೆ ಬರೀ ಕ್ಲಿಕ್. ಆ ಕ್ಷಣ ನಳಿಗೆಯ ತುದಿ ನಾಲ್ಕು ಬೆರಳು ಕೆಳಗೆ ಕುಸಿಯುತ್ತದೆ, ಬಲಭುಜ ಮುಂದಕ್ಕೆ ನುಗ್ಗುತ್ತದೆ, ಕಣ್ಣು ಗಟ್ಟಿಯಾಗಿ ಮುಚ್ಚಿರುತ್ತದೆ. ಹಿಂದಿನ ಎರಡು ಗುಂಡುಗಳಲ್ಲೂ ಅದೇ ಆಗಿತ್ತು, ಸದ್ದಿನಲ್ಲಿ ಮುಚ್ಚಿಹೋಗಿತ್ತು. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದವರಿಗೂ ಇದು ಗೊತ್ತಿರುವ ನೋಟ. ಕಟ್ಟುಮಸ್ತಾದ ಆಳು ತಪ್ಪಿಸುತ್ತಾನೆ, ಅವನ ನಂತರ ಬಂದ ಸಪೂರ ಹುಡುಗಿ ಸಲೀಸಾಗಿ ಕಾಯಿ ಒಡೆಯುತ್ತಾಳೆ. ಜನ ನಗುತ್ತಾರೆ, ಆಳು ಕೋವಿಯನ್ನು ಬಯ್ಯುತ್ತಾನೆ. ಕೆಲವೊಮ್ಮೆ ಅದು ಸರಿಯೂ ಇರುತ್ತದೆ, ಏಕೆಂದರೆ ಆ ಕೋವಿಯ ಮರ ಅವನ ಮೈಗೆ ಹೊಂದುವುದಿಲ್ಲ.

ಹೊಂದುವುದು ಅಂದರೇನು? ಮೂರು ಅಳತೆ ಮುಖ್ಯ. ಟ್ರಿಗರಿನಿಂದ ಸ್ಟಾಕಿನ ಹಿಂತುದಿಯವರೆಗಿನ ಉದ್ದ. ಕೆನ್ನೆ ಕೂರುವ ಮೇಲಂಚು ಎಷ್ಟು ಎತ್ತರ. ಹಿಂತುದಿ ಎಷ್ಟು ಕೆಳಕ್ಕೆ ಇಳಿದಿದೆ. ಅಮೆರಿಕದ ಕಾರ್ಖಾನೆಯ ರೈಫಲ್ಲುಗಳಲ್ಲಿ ಮೊದಲನೆಯ ಅಳತೆ ಸಾಮಾನ್ಯವಾಗಿ ಹದಿಮೂರೂವರೆ ಇಂಚಿನ ಆಸುಪಾಸು. ಐದಡಿ ಒಂಬತ್ತು, ಹತ್ತಿಂಚಿನ, ತೆಳು ಅಂಗಿ ತೊಟ್ಟ ಗಂಡಸಿಗೆ ಅದು ಸರಿ. ಐದಡಿ ಮೂರಿಂಚಿನವರಿಗೆ ಉದ್ದ. ಟೆಕ್ಸಾಸಿನಲ್ಲೋ ಮಿನೆಸೋಟದಲ್ಲೋ ನೆಲೆಸಿ, ಸಹೋದ್ಯೋಗಿಯೊಬ್ಬನ ಜೊತೆ ಮೊದಲ ಸಲ ಜಿಂಕೆ ಬೇಟೆಗೆ ಹೊರಟ ಕನ್ನಡಿಗರಲ್ಲಿ ಹಲವರಿಗೆ, ಅವರ ಹೆಂಡತಿ ಮಕ್ಕಳಿಗಂತೂ ಖಂಡಿತ, ಎರವಲು ಕೋವಿ ಉದ್ದವೇ ಆಗುತ್ತದೆ. ನವೆಂಬರಿನ ಚಳಿಗೆ ದಪ್ಪ ಜಾಕೆಟ್ ತೊಟ್ಟರೆ ಇನ್ನೂ ಒಂದು ಇಂಚು ಸೇರಿದಂತೆ. ಉದ್ದವಾದ ಸ್ಟಾಕನ್ನು ಭುಜದ ಗುಳಿಗೆ ತರಲಾಗದೆ ತೋಳಿನ ಮೇಲೆ ಆನಿಸಿಕೊಳ್ಳುತ್ತಾರೆ, ಕುತ್ತಿಗೆ ಚಾಚುತ್ತಾರೆ. ಈಡು ಹಾರಿದಾಗ ದೂರ್ಬೀನಿನ ಅಂಚು ಹುಬ್ಬಿಗೆ ಬಡಿದು ಅರ್ಧಚಂದ್ರಾಕಾರದ ಗಾಯ ಮಾಡುತ್ತದೆ. ಅಮೆರಿಕದ ಬೇಟೆಗಾರರು ಈ ಗಾಯವನ್ನು ತಮಾಷೆ ಮಾಡುತ್ತಾರೆ, ಆದರೆ ಅದನ್ನು ಪಡೆದವನು ಮುಂದಿನ ವರ್ಷ ಟ್ರಿಗರ್ ಎಳೆಯುವ ಮೊದಲೇ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

ಎತ್ತರದ ಅಳತೆಗೆ ಒಂದು ಚರಿತ್ರೆ ಇದೆ. ಹಳೆಯ ರೈಫಲ್ಲುಗಳಲ್ಲಿ ದೂರ್ಬೀನು ಇರಲಿಲ್ಲ. ನಳಿಗೆಗೆ ಅಂಟಿದ ಕಬ್ಬಿಣದ ಗುರಿ ನೋಡಲು ಕಣ್ಣು ಕೆಳಗಿಳಿಯಬೇಕಿತ್ತು. ಅದಕ್ಕೆ ತಕ್ಕಂತೆ ಸ್ಟಾಕ್ ಹಿಂದಕ್ಕೆ ಇಳಿಜಾರಾಗಿರುತ್ತಿತ್ತು. ಆಂಡರ್ಸನ್‌ನ ಲಿವರ್ ಆಕ್ಷನ್ ವಿಂಚೆಸ್ಟರ್ ಕೂಡ ಆ ಕಾಲದ್ದೇ, 1895ರ ಮಾದರಿ. ಎರಡನೇ ಮಹಾಯುದ್ಧದ ನಂತರ ದೂರ್ಬೀನು ಸಾಮಾನ್ಯವಾಯಿತು, ನೋಟದ ಗೆರೆ ಮೇಲೇರಿತು. ಇಳಿಜಾರು ಮರಕ್ಕೆ ದೂರ್ಬೀನು ಕೂರಿಸಿದವನು ಕೆನ್ನೆಯನ್ನು ಗಾಳಿಯಲ್ಲಿ ತೇಲಿಸಿ, ಗದ್ದವನ್ನು ಮರಕ್ಕೆ ಒತ್ತಿ ನೋಡುತ್ತಾನೆ. ಇಳಿಜಾರಿನಿಂದ ಇನ್ನೊಂದು ಕೇಡು: ಒದೆತದ ಗೆರೆ ಭುಜಕ್ಕಿಂತ ಮೇಲೆ ಹಾದು ನಳಿಗೆ ಮೇಲಕ್ಕೆ ನೆಗೆಯುತ್ತದೆ, ಮರದ ಮೇಲಂಚು ಕೆನ್ನೆಯ ಮೂಳೆಗೆ ಗುದ್ದುತ್ತದೆ. ನೇರವಾದ, ಮೇಲಂಚು ಎತ್ತರವಿರುವ ಸ್ಟಾಕಿನಲ್ಲಿ ಅದೇ 27 ಜೂಲ್ ಸೀದಾ ಹಿಂದಕ್ಕೆ ಬಂದು ರಬ್ಬರ್ ಮೆತ್ತೆಯ ಅಗಲದಲ್ಲಿ ಹಂಚಿಹೋಗುತ್ತದೆ. ಲೆಕ್ಕದಲ್ಲಿ ಒದೆತ ಒಂದೇ ಇದ್ದರೂ ಮೈ ಅದನ್ನು ಬೇರೆ ಎಂದೇ ತಿಳಿಯುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದು. ಕೋವಿ ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡು, ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆ ಒರಗಿಸಿ ಕಣ್ಣು ತೆರೆಯಬೇಕು. ದೂರ್ಬೀನಿನ ಪೂರ್ತಿ ವೃತ್ತ ತಾನಾಗಿ ಕಂಡರೆ ಸ್ಟಾಕ್ ಹೊಂದಿದೆ. ಕತ್ತು ಆಡಿಸಿ ಹುಡುಕಬೇಕಾದರೆ ಆ ರೈಫಲ್ ಎಂಥ ಕ್ಯಾಲಿಬರಿನದಾದರೂ ಕೆಳಗಿಡುವುದು ಒಳ್ಳೆಯದು.

ಇನ್ನು ಮರವೋ ಪ್ಲಾಸ್ಟಿಕ್ಕೋ ಎಂಬ ಪ್ರಶ್ನೆ. ಅಕ್ರೋಟ್ ಮರ ಶತಮಾನಗಳಿಂದ ಕೋವಿಗೆ ಮೆಚ್ಚಿನದು. ಶ್ರೀನಗರದ ಕೋವಿ ಮಾಡುವವರೂ ಅದನ್ನೇ ಬಳಸಿದವರು. ತೂಕಕ್ಕೆ ಹೋಲಿಸಿದರೆ ಗಟ್ಟಿ, ಒದೆತಕ್ಕೆ ಸೀಳುವುದಿಲ್ಲ, ಉಳಿಗೆ ಒಗ್ಗುತ್ತದೆ, ಎಣ್ಣೆ ಹಚ್ಚಿದಷ್ಟೂ ಬಣ್ಣ ಬಿಡುತ್ತದೆ. ಆದರೆ ಎಷ್ಟು ಒಣಗಿಸಿದರೂ ಮರ ತೇವ ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ನಮ್ಮ ಮಲೆನಾಡಿನಲ್ಲಿ ಆಷಾಢದಲ್ಲಿ ಮುಚ್ಚದ ಬಾಗಿಲು ಮಾಘದಲ್ಲಿ ಸಲೀಸಾಗಿ ಮುಚ್ಚುವ ಹಾಗೆ. ನಳಿಗೆಯ ಕೆಳಗಿನ ಮರ ಒಂದು ಪಕ್ಕಕ್ಕೆ ಉಬ್ಬಿ ಒತ್ತಿದರೆ 100 ಮೀಟರಿನಲ್ಲಿ ಗುಂಡು ಕೆಲವು ಇಂಚು ಆಚೀಚೆ ಬೀಳುತ್ತದೆ. ಭಾರತದ ಹವೆ ಈ ವಿಷಯದಲ್ಲಿ ಎಷ್ಟು ಕಠಿಣ ಎಂಬುದಕ್ಕೆ ಗುರುತು ಇಶಾಪುರದ ಲೀ-ಎನ್‌ಫೀಲ್ಡ್‌ಗಳಲ್ಲೇ ಇದೆ: ಮುಂದಿನ ಮರ ಸೀಳದಿರಲೆಂದು ಅಡ್ಡಲಾಗಿ ಒಂದು ತಿರುಪು ಹಾಕಿದ್ದಾರೆ, ಸಂಗ್ರಾಹಕರು ಅದನ್ನು ಕಾರ್ಖಾನೆಯ ಹೆಸರಿನಿಂದಲೇ ಗುರುತಿಸುತ್ತಾರೆ. ಅಲಾಸ್ಕದ ಮಳೆಯಲ್ಲಿ ವಾರಗಟ್ಟಲೆ ನೆನೆಯುವವನು ಫೈಬರ್‌ಗ್ಲಾಸ್ ಸ್ಟಾಕ್ ಹಿಡಿಯುವುದರಲ್ಲಿ ತಪ್ಪೇನೂ ಇಲ್ಲ. ತೆಳು ಹಲಗೆಗಳನ್ನು ಅಂಟಿಸಿ ಒತ್ತಿದ ಲ್ಯಾಮಿನೇಟ್ ಮರ ಮಧ್ಯದ ದಾರಿ. ತೇವಕ್ಕೆ ಜಗ್ಗುವುದಿಲ್ಲ, ತುಸು ಭಾರ, ಆ ಭಾರ ಒದೆತವನ್ನು ತಗ್ಗಿಸುವುದರಿಂದ ನಷ್ಟವೂ ಅಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಅಗ್ಗದ ರೈಫಲ್ಲುಗಳ ಜೊತೆ ಬರುವ ಅಚ್ಚಿನ ಪ್ಲಾಸ್ಟಿಕ್: ಮುಂಭಾಗ ಹಿಂಡಿದರೆ ನಳಿಗೆಗೆ ತಾಗುವಷ್ಟು ಮೆತ್ತಗೆ, ಹಿಂಭಾಗ ತಟ್ಟಿದರೆ ಖಾಲಿ ಡಬ್ಬಿಯ ಸದ್ದು. ಮರದ ಅಂದವನ್ನು ಬರೀ ಶೋಕಿ ಎಂದು ತಳ್ಳಿಹಾಕುವುದೂ ಸರಿಯಲ್ಲ. ಮೆಚ್ಚಿದ ಕೋವಿಯನ್ನು ಜನ ಹೆಚ್ಚು ಸಲ ಕೈಗೆತ್ತಿಕೊಳ್ಳುತ್ತಾರೆ, ಒರೆಸುತ್ತಾರೆ, ಅಭ್ಯಾಸಕ್ಕೆ ಒಯ್ಯುತ್ತಾರೆ.

ಸಣ್ಣ ಕ್ಯಾಲಿಬರ್ ಸಾಕು ಎನ್ನುವವರು ಕರೆದು ತರುವ ಸಾಕ್ಷಿ ಒಬ್ಬನಿದ್ದಾನೆ, ಅವನನ್ನು ನಂಬುವ ಮೊದಲು ಯೋಚಿಸಬೇಕು. ಕರಮೋಜೊ ಬೆಲ್ ಎಂದೇ ಹೆಸರಾದ ಸ್ಕಾಟ್ಲೆಂಡಿನ ವಾಲ್ಟರ್ ಬೆಲ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ, ಬಹುಪಾಲನ್ನು .275 ರಿಗ್ಬಿಯಲ್ಲಿ. ಆನೆಯ ತಲೆಬುರುಡೆಯನ್ನು ಗರಗಸದಲ್ಲಿ ಸೀಳಿ ಮಿದುಳು ಎಲ್ಲಿ ಕೂತಿದೆ ಎಂದು ಕಲಿತವನು ಆತ. ಯಾವ ಕೋನದಿಂದ ನಿಂತರೂ ಆ ಜಾಗಕ್ಕೆ ಮೆದು ಸೀಸದ ಗುಂಡನ್ನಲ್ಲ, ಪೂರ್ತಿ ಕವಚದ ಸೈನ್ಯದ ಗುಂಡನ್ನು ಮುಟ್ಟಿಸಬಲ್ಲವನು. ಆ ಲೆಕ್ಕ ನಂಬಿ ಸಣ್ಣ ಬೋರ್ ಹಿಡಿದು ಆನೆ, ಕಾಡೆಮ್ಮೆಗಳ ಎದುರು ನಿಂತವರೆಲ್ಲ ಬೆಲ್ ಆಗಲಿಲ್ಲ. ಆಫ್ರಿಕಾದ ಹಲವು ದೇಶಗಳು ಅಪಾಯಕಾರಿ ಪ್ರಾಣಿಗೆ .375 ಕನಿಷ್ಠ ಎಂದು ಗೆರೆ ಎಳೆದದ್ದು ವಿವೇಕದ ಮಾತೇ. 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ಮಾಮೂಲು ತೂಕದ ರೈಫಲ್ಲಿನಲ್ಲಿ 50 ಜೂಲಿನ ಹತ್ತಿರ ಒದೆಯುತ್ತದೆ. ಅಂಥ ಕಡೆ ಸ್ಟಾಕ್ ಇನ್ನೂ ಮುಖ್ಯವಾಗುತ್ತದೆ, ಏಕೆಂದರೆ ನುಗ್ಗಿ ಬರುವ ಕಾಡೆಮ್ಮೆಯ ಎದುರು ದೂರ್ಬೀನಿನಲ್ಲಿ ಕತ್ತು ಆಡಿಸಿ ಹುಡುಕಲು ಸಮಯ ಸಿಗುವುದಿಲ್ಲ. ದೊಡ್ಡ ಕ್ಯಾಲಿಬರ್ ಬೇಕಾಗುವ ಜಾಗಗಳು ಇವೆ, ಆದರೆ ಬಿಳಿಬಾಲದ ಜಿಂಕೆಯ ಕಾಡು ಆ ಜಾಗವಲ್ಲ. ಅಲ್ಲಿಗೂ ಮ್ಯಾಗ್ನಮ್ ಹೊತ್ತು ಹೋಗುವವರು ಅಮೆರಿಕದಲ್ಲಿ ಇದ್ದಾರೆ.

ಒದೆತ ತಗ್ಗಿಸಲು ನಳಿಗೆಯ ತುದಿಗೆ ಬ್ರೇಕ್ ಹಾಕಿಸಿದರಾಯಿತಲ್ಲ ಎಂಬ ಉತ್ತರವೂ ಇದೆ. ಅದು ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತ ಇಳಿಸುವುದು ನಿಜ, ಸದ್ದನ್ನು ಪಕ್ಕದವರ ಕಿವಿಗೆ ತಿರುಗಿಸುವುದೂ ಅಷ್ಟೇ ನಿಜ. ನಾರ್ವೆ, ಫಿನ್‌ಲ್ಯಾಂಡುಗಳ ಬೇಟೆಗಾರರು ಸೈಲೆನ್ಸರ್ ಹಾಕುತ್ತಾರೆ. ಒದೆತವೂ ಸದ್ದೂ ಎರಡೂ ತಗ್ಗುತ್ತವೆ. ಅಮೆರಿಕದಲ್ಲಿ ಅದಕ್ಕೆ ಕಾಗದ ಪತ್ರದ ಗೋಜು.

ಹಾಗಾದರೆ ಕೊಳ್ಳುವವನು ಏನು ಮಾಡಬೇಕು? ಹೊಡೆಯಲು ಹೊರಟ ಪ್ರಾಣಿ ಯಾವುದು, ಎಷ್ಟು ದೂರದಿಂದ ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳಲಿ. ಬಹಳ ಜನ 500 ಮೀಟರಿನ ಕನಸು ಕಂಡು 100 ಮೀಟರಿನೊಳಗೆ ಹೊಡೆಯುತ್ತಾರೆ. ಅಲ್ಲಿನ ಕಾನೂನಿನ ಕನಿಷ್ಠ ನೋಡಿ, ಆ ಪ್ರಾಣಿಗೆ ಸಾಲುವ ಕ್ಯಾಲಿಬರುಗಳಲ್ಲಿ ಮೆತ್ತಗೆ ಒದೆಯುವುದನ್ನು, ಊರಿನ ಅಂಗಡಿಯಲ್ಲಿ ತೋಟಾ ಸಿಗುವುದನ್ನು ಆರಿಸಲಿ: 6.5x55, 2007ರಲ್ಲಿ ಬಂದ ಅದರ ತಮ್ಮನಂಥ 6.5 ಕ್ರೀಡ್‌ಮೂರ್, 7x57, .308. ಇವುಗಳಲ್ಲಿ ಯಾವುದು ಎಂಬ ವಾದಕ್ಕೆ ಒಂದು ಸಂಜೆ ಸಾಕು. ಮಿಕ್ಕ ಸಮಯ ಸ್ಟಾಕಿಗೆ ಹೋಗಲಿ. ಹಿಂತುದಿಯ ರಬ್ಬರ್ ಮೆತ್ತೆಯನ್ನು ತೆಳುವೋ ದಪ್ಪವೋ ಮಾಡಿಸುವುದು, ಉದ್ದ ಕತ್ತರಿಸುವುದು, ಮೇಲಂಚಿಗೆ ಎತ್ತರ ಕೂಡಿಸುವುದು, ಯಂತ್ರದ ಕೆಳಗೆ ಎಪಾಕ್ಸಿ ತುಂಬಿಸಿ ಅಲುಗದಂತೆ ಕೂರಿಸುವುದು, ಇವೆಲ್ಲ ಒಬ್ಬ ಕೋವಿ ಮೇಸ್ತ್ರಿಯ ಕೈಯಲ್ಲಿ ಕೆಲವೇ ದಿನಗಳ ಕೆಲಸ. ಹೊಸ ಮ್ಯಾಗ್ನಮ್ ರೈಫಲ್ಲಿನ ಬೆಲೆಗೆ ಹೋಲಿಸಿದರೆ ಖರ್ಚೂ ಅಲ್ಪ. ಉಳಿದ ದುಡ್ಡಿಗೆ ಅಭ್ಯಾಸದ ತೋಟಾ; ಅದನ್ನು ಮೇಜಿನ ಮೇಲೆ ಮರಳು ಚೀಲ ಇಟ್ಟುಕೊಂಡು ಸುಡದೆ, ಕೂತು, ಮಂಡಿಯೂರಿ, ಮರಕ್ಕೆ ಒರಗಿ ಸುಡಬೇಕು.

ಈ ಲೆಕ್ಕವನ್ನು ಅಲುಗಾಡಿಸುತ್ತಿರುವ ಹೊಸ ಬೆಳವಣಿಗೆ ಒಂದಿದೆ. ಸೀಸದ ಗುಂಡಿನ ಚೂರು ತಿಂದು ಕಾಂಡರ್ ಹದ್ದುಗಳು ಸಾಯುವುದನ್ನು ಕಂಡ ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿತು; ಡೆನ್ಮಾರ್ಕ್ 2024ರಲ್ಲಿ ರೈಫಲ್ ಗುಂಡಿನಲ್ಲೂ ಸೀಸ ಬೇಡ ಎಂದಿತು. ಬದಲಿಗೆ ಬರುವುದು ತಾಮ್ರ. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅಷ್ಟೇ ತೂಕದ ಗುಂಡು ಉದ್ದವಾಗಬೇಕು, ಉದ್ದವಾದರೆ ನಳಿಗೆಯೊಳಗಿನ ಸುರುಳಿ ಗೆರೆ ಅದನ್ನು ಇನ್ನೂ ಬಿಗಿಯಾಗಿ ತಿರುಗಿಸಬೇಕು. 6.5 ಮಿಲಿಮೀಟರಿನ ತಾಮ್ರದ ಗುಂಡುಗಳು ಸಾಮಾನ್ಯವಾಗಿ 8 ಗ್ರಾಮಿನ ಆಸುಪಾಸಿನಲ್ಲೇ ನಿಲ್ಲುತ್ತವೆ. 9 ಮತ್ತು 10 ಗ್ರಾಂ ಎಂದು ಸೀಸದ ಕಾಲದಲ್ಲಿ ಬರೆದ ಸ್ವೀಡನ್ನಿನ ಮೂಸ್ ನಿಯಮಕ್ಕೆ ಅವು ಇಕ್ಕಟ್ಟು ತರುತ್ತವೆ. .308ಕ್ಕೆ, .30-06ಕ್ಕೆ ಅಷ್ಟು ಇಕ್ಕಟ್ಟಿಲ್ಲ. ಹಾಗೆಂದು ಹಳೆಯ ಕೋವಿ ಮೂಲೆಗೆ ಹೋಗಬೇಕಾಗಿಯೂ ಇಲ್ಲ. ಬೋಲ್ಟ್ ಆಕ್ಷನ್ನಿನ ಒಂದು ಅನುಕೂಲವೆಂದರೆ ನಳಿಗೆಯನ್ನು ತಿರುಚಿ ಬಿಚ್ಚಿ ಬೇರೆಯದು ಕೂರಿಸಬಹುದು. .270 ಮತ್ತು .30-06ರ ತೋಟಾಗಳ ಬುಡ ಒಂದೇ ಅಳತೆಯದು, ಉದ್ದವೂ ಹತ್ತಿರ ಹತ್ತಿರ; .270 ರೈಫಲ್ಲಿಗೆ .30-06ರ ನಳಿಗೆ ಹಾಕಿಸಿದರೆ ಅದೇ ಬೋಲ್ಟ್, ಅದೇ ಮ್ಯಾಗಜಿನ್ ಕೆಲಸ ಮಾಡುತ್ತವೆ. ಹೊಸ ನಳಿಗೆಯ ಹೊರದಪ್ಪ ಹಳೆಯದರಷ್ಟೇ ಇದ್ದರೆ, ಮೈಯಳತೆಗೆ ಮಾಡಿಸಿದ ಸ್ಟಾಕಿಗೆ ಉಳಿ ಮುಟ್ಟಿಸುವ ಅಗತ್ಯವೂ ಬೀಳುವುದಿಲ್ಲ.